ಮಗ ಸೋದರತ್ತೆಯ ಮನೆಯಲ್ಲಿ, ಚೈಲ್ಡ್ ಬೆನಿಫಿಟ್ ಯಾರ ಹೆಸರಿನಲ್ಲಿ?

ಮಗಳೇ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದೊಡನೆ ಓದಿದೆ. ಟೈಪ್ ಮಾಡಲು ಕುಳಿತರೆ ಮುಗಿಯುವುದಿಲ್ಲವೆಂದು ಮಾತಿನಲ್ಲಿಯೇ ಹೇಳುತ್ತಿದ್ದೇನೆ. ನಿನ್ನ ಅಮ್ಮನೂ ಚಿಕ್ಕಮ್ಮನೂ ಇದನ್ನು ಪೂರ್ತಿ ಕೇಳಿಸಿಕೊಳ್ಳಲಿ. ನಿನ್ನ ಮಗ ಸೆಪ್ಟೆಂಬರಿನಿಂದ ನಿನ್ನ ನಾದಿನಿಯ ಮನೆಯಲ್ಲಿದ್ದುಕೊಂಡು ಎ-ಲೆವೆಲ್ (ನಮ್ಮ ಪಿಯುಸಿ ಇದ್ದಂತೆ) ಓದುತ್ತಿದ್ದಾನೆ, ಅವನ ಖರ್ಚನ್ನು ನೀನೂ ಅಳಿಯಂದಿರೂ ಕೊಡುತ್ತಿದ್ದೀರಿ, ಈಗ ನಾದಿನಿ ಅವನಿಗಾಗಿ ತಮ್ಮ ಹೆಸರಿನಲ್ಲಿ ಚೈಲ್ಡ್ ಬೆನಿಫಿಟ್‌ಗೆ, ಅಂದರೆ ಮಕ್ಕಳನ್ನು ಸಾಕುವವರಿಗೆ ಬ್ರಿಟನ್ ಸರ್ಕಾರ ಕೊಡುವ ಭತ್ಯೆಗೆ, ಅರ್ಜಿ ಹಾಕಿರುವುದರಿಂದ ಅದನ್ನು ನೋಡಿಕೊಳ್ಳುವ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ನಿನಗೆ ಪತ್ರ ಬರೆದಿದೆ, ಇಷ್ಟು ತಿಂಗಳು ನಿನ್ನ ಹೆಸರಿಗೆ ಬಂದ ಹಣವನ್ನೆಲ್ಲ ಹಿಂತಿರುಗಿಸಬೇಕೇ ಎಂಬುದು ನಿನ್ನ ಚಿಂತೆ. ಅಳಿಯಂದಿರು ಮಾತ್ರ ‘ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿ ಬಗೆಹರಿಸಿಕೊಳ್ಳುತ್ತೇನೆ, ಪತ್ರವನ್ನು ಬದಿಗಿಡು’ ಎಂದಿದ್ದಾರೆಂದು ನೀನು ಕೊನೆಯಲ್ಲಿ ಬರೆದಿದ್ದೆಯಲ್ಲ, ಆ ಸಾಲನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಸಾಧ್ಯವಾಗಲಿಲ್ಲ.

ಪತ್ರವನ್ನು ಬದಿಗಿಡಬೇಡ. ಮಗುವಿನ ಹಣದ ವಿಷಯದಲ್ಲಿ ಬಾಯಿಮಾತಿನ ಒಪ್ಪಂದವನ್ನು ಎಂದಿಗೂ ನಂಬಬೇಡ, ಅದು ಎಷ್ಟೇ ಹತ್ತಿರದವರ ಮಾತಾಗಿರಲಿ.

ನನ್ನ ಮೈದುನನ ಮಗ ನಮ್ಮಲ್ಲಿ ಬೆಳೆದ ಕಾಲ ನಿಮಗೆಲ್ಲ ನೆನಪಿದೆ. ಓರಗಿತ್ತಿ ತೀರಿಕೊಂಡ ಮರುವರ್ಷ, 2004ರ ಸುಮಾರಿಗೆ, ಮೈದುನ ಕೆಲಸಕ್ಕಾಗಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋದ. ಹುಡುಗನನ್ನು ‘ಸ್ವಲ್ಪ ದಿನದ ಮಟ್ಟಿಗೆ ನೋಡಿಕೊಳ್ಳಿ ಅತ್ತಿಗೆ’ ಎಂದು ಬಿಟ್ಟುಹೋದವನು ಮತ್ತೆ ಕರೆದುಕೊಂಡು ಹೋಗಲು ಬಂದದ್ದು ಕೆಲವು ವರ್ಷಗಳ ನಂತರ. ಚೈಲ್ಡ್ ಬೆನಿಫಿಟ್ ಅವನ ಖಾತೆಗೇ ಹೋಗುತ್ತಿತ್ತು. ‘ಅದನ್ನು ತಿಂಗಳು ತಿಂಗಳು ನಿಮಗೇ ಕಳುಹಿಸುತ್ತೇನೆ, ಕಚೇರಿಗೆ ಬರೆಯುವ ತಾಪತ್ರಯ ಏಕೆ’ ಎಂದು ನಿಮ್ಮ ದೊಡ್ಡಪ್ಪನವರ ಎದುರಿನಲ್ಲಿಯೇ ಮಾತು ಕೊಟ್ಟಿದ್ದ. ಮೊದಮೊದಲು ಕಳುಹಿಸಿದ, ಆಮೇಲೆ ಅಪರೂಪಕ್ಕೊಮ್ಮೆ ಕಳುಹಿಸಿದ, ಕೊನೆಗೆ ಅದೂ ನಿಂತಿತು. ಹುಡುಗನಿಗೆ ಬೂಟು, ಶಾಲೆಯ ಪ್ರವಾಸ, ಕನ್ನಡಕ, ಎಲ್ಲವೂ ನಮ್ಮ ಮನೆಯ ಖರ್ಚಿನಲ್ಲಿಯೇ ನಡೆದವು. ಅವನನ್ನು ಶಾಲೆಯಿಂದ ಕರೆತರಲೆಂದು ನಾನು ಮಧ್ಯಾಹ್ನದ ಕೆಲಸವನ್ನೂ ಬಿಟ್ಟಿದ್ದೆ.

ಮಗು ಯಾರೊಡನೆ ವಾಸಿಸುತ್ತದೆಯೋ ಅವರಿಗೆ ಅಥವಾ ಮಗುವಿನ ಪಾಲನೆಗೆ ಕನಿಷ್ಠ ಆ ಭತ್ಯೆಯಷ್ಟಾದರೂ ಪ್ರತಿ ವಾರ ಕೊಡುತ್ತಿರುವವರಿಗೆ ಮಾತ್ರ ಅದರ ಹಕ್ಕು ಎಂಬುದು ಆಗಲೂ ಇದ್ದ, ಈಗಲೂ ಇರುವ ನಿಯಮ. ಒಂದು ಮಗುವಿಗೆ ಒಬ್ಬರೇ ಹಕ್ಕುದಾರರು, ಅರ್ಧರ್ಧ ಹಂಚುವ ಪದ್ಧತಿಯಿಲ್ಲ. ಮೈದುನನ ಜೊತೆಯಲ್ಲಿ ಮಗು ಇರಲಿಲ್ಲ, ಅವನು ಹಣವನ್ನೂ ಕೊಡುತ್ತಿರಲಿಲ್ಲ, ಹೀಗಾಗಿ ಅವನಿಗೆ ಎರಡೂ ದಾರಿಯಿಂದ ಹಕ್ಕು ಉಳಿದಿರಲಿಲ್ಲ. ನಾನು ಕೊನೆಗೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದಾಗ ಮುಂದಿನ ಹಣವೇನೋ ನನಗೆ ಬಂತು. ಆದರೆ ಅರ್ಜಿಯ ದಿನದಿಂದ ಹಿಂದಕ್ಕೆ ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ಕೇಳಲು ನಿಯಮದಲ್ಲಿ ಅವಕಾಶವಿಲ್ಲ, ಆ ಮೂರು ತಿಂಗಳ ಹಣವೂ ಅಷ್ಟರಲ್ಲಿ ಅವನ ಖಾತೆ ಸೇರಿಯಾಗಿತ್ತು. ಅವನಿಗೆ ಹಣ ಹಿಂತಿರುಗಿಸಬೇಕೆಂಬ ನೋಟಿಸು ಹೋಯಿತು. ಹಾಗೆ ನಮ್ಮಿಬ್ಬರಿಗೂ ನಷ್ಟವಾಯಿತು, ಸಂಬಂಧವೂ ಕೆಟ್ಟಿತು.

ಹಣಕ್ಕಿಂತ ನನಗೆ ಇಂದಿಗೂ ನೋವು ಕೊಡುವುದು ಅದರ ನಂತರ ನಡೆದದ್ದು. ‘ಅತ್ತಿಗೆ ನನ್ನ ಮಗನ ಅನ್ನಕ್ಕೆ ಬೆಲೆ ಕಟ್ಟಿದರು, ನನ್ನ ಮೇಲೆ ದೂರು ಕೊಟ್ಟರು’ ಎಂದು ಮದುವೆಮನೆಯಲ್ಲಿ ನೆಂಟರೆಲ್ಲರ ಎದುರು ಅವನು ಹೇಳಿದ. ಅಲ್ಲಿ ಕುಳಿತಿದ್ದ ಹಿರಿಯರಲ್ಲಿ ಒಬ್ಬರೂ, ಇಷ್ಟು ವರ್ಷ ಆ ಮಗುವಿಗೆ ಊಟ ಬಡಿಸಿದ ಕೈ ಯಾವುದೆಂದು ಅವನನ್ನು ಕೇಳಲಿಲ್ಲ. ಈ ದೇಶದಲ್ಲಿ 1946ರಲ್ಲಿ ಕುಟುಂಬ ಭತ್ಯೆ ಆರಂಭವಾಗುವ ಮೊದಲೇ, ಅದು ತಂದೆಯ ಕೈಗಲ್ಲ, ತಾಯಿಯ ಕೈಗೆ ಸೇರಬೇಕೆಂದು ಎಲೀನರ್ ರ‍್ಯಾತ್‌ಬೋನ್ ಎಂಬ ಸಂಸದೆ ಪಟ್ಟುಹಿಡಿದು ಗೆದ್ದಿದ್ದರು. ಮಗುವನ್ನು ಸಾಕುವವರ ಕೈಯಲ್ಲಿ ಆ ಹಣವಿದ್ದರೇ ಮಗುವಿಗೆ ಅದು ತಲುಪುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ನಮ್ಮ ಮನೆತನದಲ್ಲಿ ಮಾತ್ರ ಬೇರೆಯವರ ಮಗುವನ್ನು ಸಾಕಿದ ಹೆಂಗಸು ಬಾಯಿಬಿಟ್ಟು ಕೇಳಿದರೆ ಆಸೆಬುರುಕಿ, ಕೇಳದಿದ್ದರೆ ದೇವತೆ.

ಇನ್ನೊಂದು ನಷ್ಟವೂ ಆಯಿತು, ಅದರ ಬಗ್ಗೆ ಯಾರೂ ಮಾತನಾಡುವುದೇ ಇಲ್ಲ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿರುವವರ ಪಿಂಚಣಿ ಕುಂದಬಾರದೆಂದು 1978ರಿಂದ 2010ರವರೆಗೆ ಇಲ್ಲಿ ಒಂದು ರಕ್ಷಣೆಯಿತ್ತು, ಅದು ಚೈಲ್ಡ್ ಬೆನಿಫಿಟ್ ಯಾರ ಹೆಸರಿನಲ್ಲಿದೆಯೋ ಅವರಿಗೇ ಸಿಗುತ್ತಿತ್ತು. ಹಣ ಮೈದುನನ ಹೆಸರಿನಲ್ಲಿದ್ದುದರಿಂದ ನಾನು ಕೆಲಸ ಬಿಟ್ಟು ಮನೆಯಲ್ಲಿದ್ದ ಆ ವರ್ಷಗಳು ಪಿಂಚಣಿಯನ್ನು ಲೆಕ್ಕ ಹಾಕುವ ನನ್ನ ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯಲ್ಲಿ ಖಾಲಿಯಾಗಿಯೇ ಉಳಿದವು. ಸಂಬಳಕ್ಕೆ ದುಡಿಯುತ್ತಿದ್ದ ಅವನಿಗೆ ಆ ರಕ್ಷಣೆಯ ಅಗತ್ಯವೇ ಇರಲಿಲ್ಲ. 2011ರ ಏಪ್ರಿಲ್‌ನಿಂದ ಮೊಮ್ಮಕ್ಕಳನ್ನೋ ತಮ್ಮನ ಮಕ್ಕಳನ್ನೋ ನೋಡಿಕೊಳ್ಳುವ ಸಂಬಂಧಿಕರಿಗೆ, ಮಗು 12 ವರ್ಷದೊಳಗಿದ್ದರೆ, ಚೈಲ್ಡ್ ಬೆನಿಫಿಟ್ ಪಡೆಯುವವರಿಗೆ ಆ ದಾಖಲೆಯಲ್ಲಿ ಸೇರುವ ಕ್ರೆಡಿಟ್ ಅನ್ನು ವರ್ಗಾಯಿಸುವ ವ್ಯವಸ್ಥೆ ಬಂದಿದೆ. ನಿನ್ನ ಅಮ್ಮ ಈಗ ನಿನ್ನ ತಮ್ಮನ ಮಗುವನ್ನು ನೋಡಿಕೊಳ್ಳುತ್ತಿದ್ದಾಳಲ್ಲ, ಅವಳಿಗೆ ಇನ್ನೂ ಪಿಂಚಣಿಯ ವಯಸ್ಸಾಗಿಲ್ಲದ ಕಾರಣ ಅವಳು ಇದನ್ನು ವಿಚಾರಿಸಲೇಬೇಕು. ನನ್ನ ಕಾಲಕ್ಕೆ ಅದು ಇರಲಿಲ್ಲ.

ಅದಕ್ಕಾಗಿಯೇ ಇನ್ನೊಮ್ಮೆ ಹೇಳುತ್ತೇನೆ, ಅಳಿಯಂದಿರಿಗೂ ಇದನ್ನು ಕೇಳಿಸು: ಬಾಯಿಮಾತಿನ ಒಪ್ಪಂದವನ್ನು ನಂಬಿಕೊಂಡು ಕುಳಿತುಕೊಳ್ಳಬೇಡಿ. ಮಗು ಯಾರ ಮನೆಯಲ್ಲಿದೆ, ಯಾವ ಕಾರಣಕ್ಕೆ ಇದೆ, ಯಾರು ಎಷ್ಟು ಕೊಡುತ್ತಿದ್ದಾರೆ ಎಂಬುದು ಕಚೇರಿಗೆ ಬರವಣಿಗೆಯಲ್ಲಿಯೇ ಹೋಗಬೇಕು.

ಅಯ್ಯೋ, ಮಾತಿನ ಭರದಲ್ಲಿ ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ನಿನ್ನ ಮಗನ ವಿಷಯ ನನ್ನ ಮೈದುನನ ಮಗನ ವಿಷಯದಂತೆ ಅಲ್ಲ, ಅದನ್ನು ಮೊದಲು ತಿಳಿದುಕೊ. ಸಾಮಾನ್ಯವಾಗಿ ಮಗು ಹಿಂದಿನ 16 ವಾರಗಳಲ್ಲಿ 56 ದಿನಗಳಿಗಿಂತ ಹೆಚ್ಚು ಮನೆಯಿಂದ ದೂರವಿದ್ದರೆ ಅದು ತಾಯಿಯ ಜೊತೆ ವಾಸಿಸುತ್ತಿಲ್ಲವೆಂದು ಎಣಿಸುತ್ತಾರೆ. ಆದರೆ ಮಾನ್ಯತೆ ಪಡೆದ ಶಾಲೆಗೋ ಕಾಲೇಜಿಗೋ ಹೋಗಿ ಪೂರ್ಣಕಾಲ ಓದುವುದೊಂದೇ ದೂರವಿರಲು ಕಾರಣವಾಗಿದ್ದರೆ ಆ ದಿನಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು 1992ರ ಸಾಮಾಜಿಕ ಭದ್ರತೆಯ ಕಾನೂನಿನಲ್ಲಿಯೇ ಇದೆ. ನಿನ್ನ ಮಗ ಅಲ್ಲಿರುವುದು ಆ ಕಾಲೇಜಿಗಾಗಿ, ರಜೆ ಬಂದೊಡನೆ ನಿನ್ನ ಮನೆಗೆ ಬರುತ್ತಾನೆ, ಅವನ ಕೋಣೆ ಹಾಗೆಯೇ ಇದೆ. ಇದನ್ನು ಕಚೇರಿ ಒಪ್ಪಿದರೆ ಅವನು ನಿನ್ನ ಜೊತೆಗೇ ವಾಸಿಸುತ್ತಿದ್ದಾನೆಂದು ಅರ್ಥ. ಸೋದರತ್ತೆಯೂ ‘ನನ್ನ ಮನೆಯಲ್ಲಿದ್ದಾನೆ’ ಎಂದರೆ, ಇಬ್ಬರ ನಡುವೆ ಹೆತ್ತವರಿಗೇ ಆದ್ಯತೆ. ಒಂದು ವೇಳೆ ಕಚೇರಿ ಒಪ್ಪದೆ, ಅವನು ಅವರೊಡನೆಯೇ ವಾಸಿಸುತ್ತಿದ್ದಾನೆಂದು ತೀರ್ಮಾನಿಸಿದರೆ, ಬರೀ ಖರ್ಚು ಕೊಡುವವರಿಗಿಂತ ಜೊತೆಯಲ್ಲಿ ಇಟ್ಟುಕೊಂಡವರಿಗೆ ಆದ್ಯತೆ ಹೋಗುತ್ತದೆ. ಹಾಗಾದರೂ ನೀನು ಇದುವರೆಗೆ ಸರಿಯಾಗಿ ಖರ್ಚು ಕೊಡುತ್ತಾ ಬಂದಿರುವಾಗ, ಆಗಲೇ ನಿನಗೆ ಸಂದಿರುವ ವಾರಗಳ ಹಣವನ್ನು ಹೊಸ ಅರ್ಜಿಯೊಂದೇ ಕಿತ್ತುಕೊಳ್ಳುವುದಿಲ್ಲ.

ನಷ್ಟವೂ ನೀನು ಅಂದುಕೊಂಡಷ್ಟು ದೊಡ್ಡದಲ್ಲ. 2025-26ರ ದರದಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಉಳಿದ ಒಬ್ಬೊಬ್ಬರಿಗೆ 17.25 ಪೌಂಡ್. ಮಗನ ಹಣ ಹೋದರೆ ನಿನ್ನ ಮಗಳು ಮನೆಯ ಮೊದಲ ಮಗುವಿನ ದರಕ್ಕೆ ಏರುತ್ತಾಳೆ, ಹಾಗಾಗಿ ಆ ದರದಲ್ಲಿ ಕಡಿಮೆಯಾಗುವುದು ವಾರಕ್ಕೆ 17.25 ಪೌಂಡ್ ಮಾತ್ರ. ಮಗಳಿಗೆ ಇನ್ನೂ 12 ತುಂಬದ ಕಾರಣ ನಿನ್ನ ಪಿಂಚಣಿಯ ಕ್ರೆಡಿಟ್‌ಗೂ ತೊಂದರೆಯಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಸೆಪ್ಟೆಂಬರಿನಿಂದ ನಾದಿನಿಯ ಖಾತೆಗೆ ಮತ್ತು ಮಗನ ಖಾತೆಗೆ ಹಾಕಿದ ಹಣದ ಬ್ಯಾಂಕ್ ವಿವರವನ್ನು ತೆಗೆದಿಡು. ವಾರಕ್ಕೆ ಕನಿಷ್ಠ ಆ ಭತ್ಯೆಯಷ್ಟು, 2025-26ರ ದರದಲ್ಲಿ 26.05 ಪೌಂಡ್, ಆಗುತ್ತದೆಯೇ ಎಂದು ಕೂಡಿಸಿ ನೋಡು, ಬಟ್ಟೆ, ಊಟ, ಕೈಖರ್ಚು ಎಲ್ಲವೂ ಅದರಲ್ಲಿ ಸೇರುತ್ತವೆ. ಕಾಲೇಜಿನಿಂದ ಅವನು ಪೂರ್ಣಕಾಲದ ವಿದ್ಯಾರ್ಥಿ ಎಂಬ ಪತ್ರವನ್ನು ತರಿಸಿಕೊ, ಕ್ರಿಸ್‌ಮಸ್ ಮತ್ತು ಈಸ್ಟರ್ ರಜೆಯಲ್ಲಿ ಮನೆಗೆ ಬಂದ ದಿನಾಂಕಗಳನ್ನು ಬರೆ. ಇವನ್ನೆಲ್ಲ ಉತ್ತರದ ಜೊತೆ ಲಗತ್ತಿಸಿ ಕಳುಹಿಸಿ, ಒಂದು ಪ್ರತಿಯನ್ನು ನಿನ್ನ ಬಳಿ ಇಟ್ಟುಕೊ. ನಾದಿನಿಗೆ ಫೋನ್ ಮಾಡುವುದಾದರೆ ಮಾಡಿ, ಅವರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಳ್ಳಲು ಒಪ್ಪಿದರೆ ಅದನ್ನು ಅವರೇ ಕಚೇರಿಗೆ ಬರೆದು ತಿಳಿಸಲಿ. ಅವನ ಊಟಕ್ಕೆ ಅವರಿಗೆ ನಿಜವಾಗಿಯೂ ಕಡಿಮೆ ಬೀಳುತ್ತಿದ್ದರೆ, ಕೊಡುವ ಹಣವನ್ನು ಹೆಚ್ಚಿಸಿ, ಬ್ಯಾಂಕಿನ ಮೂಲಕವೇ ಕೊಡಿ.

ಪತ್ರದಲ್ಲಿ ಉತ್ತರಿಸಲು ಕೊನೆಯ ದಿನಾಂಕ ಎಲ್ಲಿದೆಯೆಂದು ನೋಡಿ ಇವತ್ತೇ ನನಗೆ ತಿಳಿಸು. ಪತ್ರದ ಫೋಟೋವನ್ನು ಗ್ರೂಪಿನಲ್ಲಿ ಹಾಕಬೇಡ, ಅದರಲ್ಲಿ ನಿನ್ನ ಇನ್ಶೂರೆನ್ಸ್ ಸಂಖ್ಯೆ ಇರುತ್ತದೆ, ನನ್ನೊಬ್ಬಳಿಗೆ ಕಳುಹಿಸು.