ಪಾಯಿಂಟ್ 22 ಸೆಮಿ ಆಟೋ: ಖಾಲಿ ಕೇಸು ಸಿಕ್ಕಿಕೊಳ್ಳುತ್ತಿದೆ, ಗ್ರೂಪ್ ಕೂಡ ಹರಡಿದೆ

ಐವತ್ತುಮೀಟರ್:
ನಮಸ್ಕಾರ ಎಲ್ಲರಿಗೂ. ನನ್ನದು ಪಾಯಿಂಟ್ 22 ಲಾಂಗ್ ರೈಫಲ್ ಗುಂಡಿನ ಸೆಮಿ ಆಟೋ ರೈಫಲ್ (ಮುಂದಿನ ಗುಂಡನ್ನು ತಾನೇ ಏರಿಸಿಕೊಳ್ಳುವಂಥದ್ದು), ಬ್ಲೋಬ್ಯಾಕ್ ಬಗೆಯದು, 10 ಗುಂಡಿನ ಮ್ಯಾಗಜೀನ್. ಮೊದಲು ಹೈ ವೆಲಾಸಿಟಿ ಗುಂಡು ಹಾಕುತ್ತಿದ್ದೆ, ತೊಂದರೆಯೇ ಇರಲಿಲ್ಲ. ಗುರಿ ಇನ್ನೂ ಬಿಗಿಯಾಗಲಿ ಅಂತ ಸ್ಟ್ಯಾಂಡರ್ಡ್ ವೆಲಾಸಿಟಿಗೆ ಬಂದೆ. ಈಗ ಖಾಲಿ ಕೇಸು (ಹಾರಿದ ಗುಂಡಿನ ಲೋಹದ ಕವಚ) ಪೂರ್ತಿ ಹೊರಗೆ ಬೀಳದೆ ಬೋಲ್ಟಿಗೆ (ಬ್ಯಾರೆಲ್ಲಿನ ಹಿಂದೆ ಹಿಂದೆ ಮುಂದೆ ಓಡಿ ಅದನ್ನು ಮುಚ್ಚುವ ಭಾಗ) ಸಿಕ್ಕಿ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕೆಲವು ಸಲ ಕೇಸು ಹೋಗುತ್ತದೆ, ಆದರೆ ಮುಂದಿನ ಗುಂಡು ಏರದೆ ಖಾಲಿ ಚೇಂಬರಿನ (ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಮೇಲೆ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ತೂತುಗಳ ಗುಂಪು) ಬಿಗಿಯಾಗುವ ಬದಲು ಇನ್ನೂ ಹರಡಿದೆ, ಅದರಲ್ಲೂ ಮ್ಯಾಗಜೀನಿನ ಮೊದಲ ಗುಂಡು ಬೇರೆಲ್ಲೋ ಬೀಳುತ್ತದೆ. ಬ್ಯಾರೆಲ್ ಸವೆದಿರಬಹುದಾ? ಬೋಲ್ಟನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?

ಬೋಲ್ಟ್_ಬಲ್ಲವ:
ಸ್ಪ್ರಿಂಗ್ ಮುಟ್ಟಬೇಡಿ ಸರ್. ಬ್ಲೋಬ್ಯಾಕಿನಲ್ಲಿ ಬೋಲ್ಟಿಗೆ ಬೀಗವೇ ಇಲ್ಲ. ಗುಂಡು ಹಾರಿದಾಗ ಕೇಸು ಹಿಂದಕ್ಕೆ ಒದೆಯುತ್ತದೆ, ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಎರಡೂ ಸೇರಿ ಅದನ್ನು ತಡೆದು ಹಿಡಿಯುತ್ತವೆ. ಸ್ಪ್ರಿಂಗ್ ಸಡಿಲವಾದರೆ ಬೋಲ್ಟ್ ಹಿಂದಕ್ಕೆ ಹೋಗಿ ಜೋರಾಗಿ ಬಡಿಯುತ್ತದೆ, ಮತ್ತೆ ಹೈ ವೆಲಾಸಿಟಿ ಹಾಕಿದ ದಿನ ಅದರ ಪೆಟ್ಟು ಬಿಡಿಭಾಗಗಳ ಮೇಲೆಯೇ ಬೀಳುತ್ತದೆ.

ನೀವು ಹೇಳಿದ ಎರಡೂ ಲಕ್ಷಣ ಒಂದೇ ಕಾಯಿಲೆಯದು. ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಸ್ವಲ್ಪ ಕಡಿಮೆ ಬಿದ್ದರೆ ಕೇಸು ಸಿಕ್ಕಿಕೊಳ್ಳುತ್ತದೆ. ಕೇಸು ಬಿದ್ದ ಮೇಲೂ ಮ್ಯಾಗಜೀನಿನ ಮೇಲಿನ ಗುಂಡನ್ನು ದಾಟುವಷ್ಟು ಹಿಂದೆ ಹೋಗದಿದ್ದರೆ ಅದನ್ನು ಎತ್ತಿಕೊಳ್ಳದೆ ಮುಚ್ಚಿಕೊಳ್ಳುತ್ತದೆ. ಹೈ ವೆಲಾಸಿಟಿ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ, ಸ್ಟ್ಯಾಂಡರ್ಡ್ ಸುಮಾರು 330. ಒದೆತವೂ ಅಷ್ಟೇ ಕಡಿಮೆ. ಒಳಗಿದ್ದ ಕೊಳೆಯನ್ನು ಇಷ್ಟು ದಿನ ಹೈ ವೆಲಾಸಿಟಿ ತಳ್ಳಿಕೊಂಡು ಹೋಗುತ್ತಿತ್ತು, ಈಗ ಅದು ಎದ್ದು ಕಾಣುತ್ತಿದೆ ಅನ್ನಿಸುತ್ತದೆ.

ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆಯಿರಿ, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಆಮೇಲೆ ಚೇಂಬರನ್ನೇ ಮೊದಲು ಉಜ್ಜಿ. ಈ ಗುಂಡಿನ ಸೀಸದ ಮೇಲೆ ಮೇಣ ಅಥವಾ ಗ್ರೀಸು ಸವರಿರುತ್ತಾರೆ, ಅದು ಮಸಿಯ ಜೊತೆ ಸೇರಿ ಚೇಂಬರಿನ ಮುಂಭಾಗದಲ್ಲಿ ಗಟ್ಟಿಯಾದ ಉಂಗುರ ಕಟ್ಟುತ್ತದೆ, ಹಾಗಾಗಿ ಕೇಸು ಅಂಟಿಕೊಂಡೇ ಹೊರಡುತ್ತದೆ. ಬೋಲ್ಟಿನ ಮುಖ, ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಕೂತ ಮಸಿ, ಸ್ಪ್ರಿಂಗ್ ಓಡಾಡುವ ಕಡ್ಡಿ, ಇವೂ ಆಗಬೇಕು. ಎಣ್ಣೆ ತೆಳುವಾಗಿ ಸಾಕು. ಜಾಸ್ತಿ ಹಾಕಿದರೆ ಮಸಿ ಜೊತೆ ಸೇರಿ ಅಂಟಾಗುತ್ತದೆ, ಚಳಿಯಲ್ಲಂತೂ ಇನ್ನೂ ಕಷ್ಟ.

ಖಾಲಿ ಕೇಸುಗಳು ಎಲ್ಲಿ ಬೀಳುತ್ತವೆ ನೋಡಿಕೊಳ್ಳಿ. ಕಾಲ ಬಳಿಯೇ ಬಿದ್ದರೆ ಬೋಲ್ಟಿಗೆ ವೇಗ ಸಾಲುತ್ತಿಲ್ಲ ಅಂತ ತಿಳಿಯಿರಿ.

ನಿಧಾನಕುದುರೆ:
ಗುರಿಯ ಬಗ್ಗೆ ನಾನು ಹೇಳುತ್ತೇನೆ. ಬ್ಯಾರೆಲ್ ಸವೆದಿದೆ ಅನ್ನುವುದು ಕೊನೆಯ ಅನುಮಾನ ಆಗಿರಲಿ. ಮೆತ್ತಗಿನ ಸೀಸದ ಗುಂಡಿಗೆ ಈ ಬ್ಯಾರೆಲ್‌ಗಳು ಹತ್ತಾರು ಸಾವಿರ ಗುಂಡು ತಡೆಯುತ್ತವೆ. ಸ್ಕೋಪಿನ ಬೇಸ್, ರಿಂಗ್, ಮರದ ಹಿಡಿಗೆ ರಿಸೀವರನ್ನು (ಬೋಲ್ಟ್ ಇರುವ ಲೋಹದ ಒಡಲು) ಬಿಗಿಯುವ ಸ್ಕ್ರೂ ಮೊದಲು ನೋಡಿ. ಕೆಲವು ಮಾದರಿಗಳಲ್ಲಿ ಬ್ಯಾರೆಲ್ಲನ್ನು ಒಂದು ಸಣ್ಣ ಬ್ಲಾಕ್, ಎರಡು ಸ್ಕ್ರೂ ಹಿಡಿದುಕೊಂಡಿರುತ್ತವೆ, ಅದೂ ಸಡಿಲವಾಗುತ್ತದೆ. ಎಷ್ಟು ಬಿಗಿಯಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ, ಅದರಂತೆ ಮಾಡಿ.

ಮೊದಲ ಗುಂಡು ಬೇರೆ ಕಡೆ ಬೀಳುವುದು ಸೆಮಿ ಆಟೋಗಳಲ್ಲಿ ತುಂಬಾ ಕಾಣುತ್ತದೆ. ಅದನ್ನು ಕೈಯಿಂದ ಏರಿಸಿರುತ್ತೀರಿ, ಉಳಿದವನ್ನು ಬೋಲ್ಟೇ ಏರಿಸುತ್ತದೆ, ಚೇಂಬರಿನಲ್ಲಿ ಕೂರುವ ರೀತಿ ಬೇರೆಯಾಗುತ್ತದೆ. ಏರಿಸುವಾಗ ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಡಿ, ಪೂರ್ತಿ ಎಳೆದು ಬಿಟ್ಟುಬಿಡಿ.

ಗುಂಡು ಬದಲಿಸಿದ ಕೂಡಲೇ ಗ್ರೂಪ್ ನೋಡಿ ತೀರ್ಮಾನಕ್ಕೆ ಬರಬೇಡಿ. ಹಳೆಯ ಮೇಣ ಹೋಗಿ ಹೊಸದು ಬ್ಯಾರೆಲ್ಲಿನಲ್ಲಿ ಕೂರಲು ಕೆಲವು ಗುಂಡು ಹಿಡಿಯುತ್ತದೆ. ಉಜ್ಜುವಾಗ ಬ್ಯಾರೆಲ್ಲಿನ ಬಾಯಿಯ (ಗುಂಡು ಹೊರಡುವ ತುದಿ) ಕಡೆಯಿಂದ ಕಡ್ಡಿ ತೂರಿಸಲೇಬೇಕು ಅಂದರೆ ಅದು ಅಂಚಿಗೆ ತಾಗದಂತೆ ಹಿಡಿಯುವ ಗೈಡ್ ಹಾಕಿ, ಬಾಯಿಯ ಅಂಚು ಸವೆದರೆ ಗುರಿ ಹೋದ ಹಾಗೆಯೇ. ಅದಕ್ಕೇ ನಾನು ಹಿಂದಿನಿಂದ ಮುಂದಕ್ಕೆ ಎಳೆಯುವ ದಾರದ ಬ್ರಷ್ ಬಳಸುತ್ತೇನೆ.

ಐವತ್ತುಮೀಟರ್:
ಇಬ್ಬರಿಗೂ ತುಂಬಾ ಧನ್ಯವಾದ. ಕೇಸುಗಳು ನಿಜವಾಗಿಯೂ ಬೆಂಚಿನ ಪಕ್ಕದಲ್ಲೇ ಬೀಳುತ್ತಿದ್ದವು. ಉಜ್ಜಿದ ಮೇಲೆ ಸಿಕ್ಕಿಕೊಳ್ಳುವುದು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ನಿಂತಿಲ್ಲ. ರಿಸೀವರ್ ಸ್ಕ್ರೂ ಸಡಿಲವಾಗಿತ್ತು, ಬಿಗಿದ ಮೇಲೆ ಗ್ರೂಪ್ ಒಳ್ಳೆಯದಾಗಿದೆ. ಉಳಿದದ್ದಕ್ಕೆ ಏನು ಮಾಡಲಿ?

ಬೋಲ್ಟ್_ಬಲ್ಲವ:
ಇನ್ನೊಂದು ಮ್ಯಾಗಜೀನ್ ಹಾಕಿ ನೋಡಿ. ತೊಂದರೆ ಮ್ಯಾಗಜೀನ್ ಹಿಂದೆಯೇ ಬಂದರೆ ಅದರ ಸ್ಪ್ರಿಂಗ್ ಅಥವಾ ತುಟಿ (ಮೇಲಿನ ಗುಂಡನ್ನು ಹಿಡಿದಿಡುವ ಅಂಚು) ಕಾರಣ. ಹಾಗೂ ಆಗದಿದ್ದರೆ ಸ್ಟ್ಯಾಂಡರ್ಡ್‌ನಲ್ಲೇ ಬೇರೆ ತಯಾರಿಕೆಯ ಎರಡು ಮೂರು ಬಗೆ ಹಾರಿಸಿ. ಒಂದೊಂದು ರೈಫಲ್ಲಿಗೆ ಒಂದೊಂದು ಹಿಡಿಸುತ್ತದೆ, ಹಾರಿಸಿ ನೋಡದೆ ಗೊತ್ತಾಗುವುದಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಸದ್ದು ಪುಸ್ ಅಂತ ಬಂದು ಬೋಲ್ಟ್ ಸರಿಯಾಗಿ ಓಡದಿದ್ದರೆ, ಅಭ್ಯಾಸಬಲದಿಂದ ಎಳೆದು ಮುಂದಿನದನ್ನು ಹಾರಿಸಬೇಡಿ. ಗುಂಡು ಬ್ಯಾರೆಲ್ಲಿನೊಳಗೇ ನಿಂತಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ಬ್ಯಾರೆಲ್ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ರೈಫಲ್ ಖಾಲಿ ಮಾಡಿ, ಬ್ಯಾರೆಲ್ಲಿನಲ್ಲಿ ಕಡ್ಡಿ ಹಾಕಿ ನೋಡಿ. ಟ್ರಿಗರ್ ಒತ್ತಿದರೂ ಹಾರದಿದ್ದರೆ ಬಾಯಿ ಗುರಿಯ ಕಡೆಯೇ ಇರಲಿ, ಕನಿಷ್ಠ 30 ಸೆಕೆಂಡ್ ಕಾದು ಆಮೇಲೆ ಬೋಲ್ಟ್ ತೆಗೆಯಿರಿ.