ಅಕ್ಷರ ತಡವಾಗಿ ಮೂಡುತ್ತದೆ, ಟ್ರ್ಯಾಕ್‌ಪ್ಯಾಡ್ ಹೇಳಿದ ಮಾತು ಕೇಳುವುದಿಲ್ಲ

ತೋಟದ ಲೆಕ್ಕ (ಸಕಲೇಶಪುರ):
ನಮಸ್ಕಾರ. ವಿಂಡೋಸ್ 11 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ. ಮಳೆ ಶುರುವಾದಾಗಿನಿಂದ ಕೀ ಒತ್ತಿದರೆ ಅಕ್ಷರ ತಡವಾಗಿ ಬರುತ್ತದೆ. ಎಕ್ಸೆಲ್‌ನಲ್ಲಿ ಕೂಲಿ ಲೆಕ್ಕ ಬರೆಯುವಾಗ ಒಂದು ಸಾಲು ಟೈಪ್ ಮಾಡಿ ಸುಮ್ನೆ ಕೂತಿರಬೇಕು. ಟ್ರ್ಯಾಕ್‌ಪ್ಯಾಡ್ ಅದಕ್ಕಿಂತ ಕಷ್ಟ. ಬೆರಳು ಒಂದು ಕಡೆ, ಕರ್ಸರ್ ಇನ್ನೊಂದು ಕಡೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ವೈರಸ್ ಸ್ಕ್ಯಾನ್ ಮಾಡಿದೆ. ಏನೂ ಆಗಲಿಲ್ಲ. ಇಲ್ಲಿ ರಿಪೇರಿಗೆ ತೋರಿಸಿದರೆ ಥಂಡಿ ಹಿಡಿದಿದೆ, ಎರಡೂ ಬದಲಾಯಿಸಬೇಕು ಅಂದರು. ಅದಕ್ಕೂ ಮೊದಲು ಮನೆಯಲ್ಲೇ ಏನಾದರೂ ನೋಡಬಹುದಾ?

ಕಾಫಿ ಕಡ್ಡಿ (ಚಿಕ್ಕಮಗಳೂರು):
ಫಾರ್ಮ್ಯಾಟ್ ಹೊಡೀರಿ, ಸರಿಹೋಗುತ್ತದೆ.

ಸಾಲಗಾಮೆ ರೋಡ್ (ಹಾಸನ):
ಫಾರ್ಮ್ಯಾಟ್ ಕೊನೆಗೆ ಇದ್ದೇ ಇದೆ, ಈಗ ಬೇಡ. ಮೊದಲು ಒಂದು ವಿಷಯ ಹೇಳಿ. ಒತ್ತಿದ ಅಕ್ಷರಗಳು ತಡವಾಗಿಯಾದರೂ ಎಲ್ಲವೂ ಬರುತ್ತವಾ, ಇಲ್ಲ ಕೆಲವು ಬರುವುದೇ ಇಲ್ಲವಾ? ಕೆಲವು ಕಾಣೆಯಾಗುತ್ತಿದ್ದರೆ ಫಿಲ್ಟರ್ ಕೀಸ್ (ಬೇಗ ಒತ್ತಿ ಬಿಟ್ಟ ಕೀಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಂಡೋಸ್ ಸೌಲಭ್ಯ) ಆನ್ ಆಗಿರಬಹುದು. ಬಲಗಡೆ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್ ಅದನ್ನು ಆನ್ ಮಾಡಲಾ ಅಂತ ಕೇಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಮಾಮೂಲು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆಫ್ ಮಾಡಬಹುದು.

ಎಲ್ಲಾ ಅಕ್ಷರಗಳೂ ಒಟ್ಟಿಗೆ ದಬಕ್ಕನೆ ಬರುತ್ತಿದ್ದರೆ ಕೀಬೋರ್ಡ್ ಸರಿಯಾಗಿಯೇ ಇದೆ, ಹಿಂದೆ ಮಷೀನು ನಿಧಾನ ಆಗಿದೆ. ಯುಎಸ್‌ಬಿ ಕೀಬೋರ್ಡ್ ಒಂದು ಚುಚ್ಚಿ ನೋಡಿ. ಅದರಲ್ಲೂ ತಡವಾದರೆ ಕೀಬೋರ್ಡ್ ಬದಲಾಯಿಸಿ ಏನೂ ಲಾಭವಿಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಸ್ಪೀಡ್ ಎಷ್ಟು ತೋರಿಸುತ್ತದೆ? ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ.

ತೋಟದ ಲೆಕ್ಕ:
ಅಕ್ಷರ ಎಲ್ಲವೂ ಬರುತ್ತವೆ, ಒಟ್ಟಿಗೆ. ಯುಎಸ್‌ಬಿ ಕೀಬೋರ್ಡ್‌ನಲ್ಲೂ ಹಾಗೆಯೇ. ಚಾರ್ಜರ್ ಇದ್ದಾಗ ಸ್ಪೀಡ್ 0.39 ಗಿಗಾಹರ್ಟ್ಸ್, ಎಷ್ಟು ಕೆಲಸ ಕೊಟ್ಟರೂ ಅಲ್ಲೇ ಇರುತ್ತದೆ. ತೆಗೆದರೆ 2ರ ಮೇಲೆ ಹೋಗುತ್ತದೆ! ಸಿಡಿಲಿಗೆ ಹಳೆ ಚಾರ್ಜರ್ ಸುಟ್ಟಿತ್ತು. ಅಣ್ಣ ಬೇರೆ ತಂದುಕೊಟ್ಟಿದ್ದಾನೆ. ಆನ್ ಮಾಡುವಾಗ ಅಡಾಪ್ಟರ್ ಬಗ್ಗೆ ಇಂಗ್ಲಿಷ್‌ನಲ್ಲಿ ಏನೋ ಬರುತ್ತದೆ, ಎಂಟರ್ ಒತ್ತಿದರೆ ಹೋಗುತ್ತದೆ.

ಸಾಲಗಾಮೆ ರೋಡ್:
ಅಲ್ಲೇ ಇತ್ತು ನೋಡಿ ಉತ್ತರ. ಕೆಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ಪಿನ್ನಿನ ನಡುವೆ ತೆಳ್ಳಗಿನ ಇನ್ನೊಂದು ಪಿನ್ ಇರುತ್ತದೆ. ನಾನು ಎಷ್ಟು ವ್ಯಾಟ್‌ನವನು ಅಂತ ಚಾರ್ಜರ್ ಹೇಳಿಕೊಳ್ಳುವುದು ಅದರಲ್ಲೇ. ಉತ್ತರ ಬರದಿದ್ದರೆ ಲ್ಯಾಪ್‌ಟಾಪ್ ನಂಬುವುದಿಲ್ಲ. ಚಾರ್ಜರ್ ಮೇಲೆ ಭಾರ ಬೀಳದಿರಲಿ ಅಂತ ಸಿಪಿಯುವನ್ನು ತೀರಾ ಕೆಳಗೆ ಇಳಿಸಿಬಿಡುತ್ತದೆ. ಎಷ್ಟೋ ಸಲ ಬ್ಯಾಟರಿ ಚಾರ್ಜ್ ಕೂಡ ಆಗುವುದಿಲ್ಲ. ವೋಲ್ಟ್, ಪಿನ್ ಅಳತೆ ಹೊಂದಿದರೆ ಸಾಲದು. ನಿಮ್ಮ ಮಾಡೆಲ್‌ಗೇ ಆದ, ಅಷ್ಟೇ ವ್ಯಾಟ್‌ನ ಚಾರ್ಜರ್ ಬೇಕು. ತೆಗೆದುಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗೇ ಒಯ್ದು, ಅಂಗಡಿಯಲ್ಲೇ ಹಾಕಿ ಸ್ಪೀಡ್ ನೋಡಿ.

ಕಾಫಿ ಕಡ್ಡಿ:
ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಹಾಕಿ, ಸಿಪಿಯು ಸ್ಪೀಡ್ ಇಳಿಸುವ ‘ಬಿ.ಡಿ. ಪ್ರೊಕ್‌ಹಾಟ್’ (BD PROCHOT) ಸೂಚನೆಯ ಟಿಕ್ ತೆಗೆದರೆ ಇದೇ ಚಾರ್ಜರ್‌ನಲ್ಲಿ ಓಡುತ್ತದಲ್ಲ?

ಸಾಲಗಾಮೆ ರೋಡ್:
ಓಡುತ್ತದೆ. ಆದರೆ ಚಾರ್ಜರ್ ಎಷ್ಟು ತಡೆಯುತ್ತದೆ ಅಂತ ಗೊತ್ತಿಲ್ಲದೆ ಭಾರ ಹಾಕಿದ ಹಾಗಾಯಿತು. ಕಾದು ಕರಗಿದರೆ ಯಾರು ಹೊಣೆ? ಬೇಡ ಗುರು.

ತೋಟದ ಲೆಕ್ಕ:
ಹಾಸನಕ್ಕೆ ಹೋಗಿ ಸರಿಯಾದ ಚಾರ್ಜರ್ ತಂದೆ. ಟೈಪಿಂಗ್ ಈಗ ಬೆಣ್ಣೆ. ಆದರೆ ಕರ್ಸರ್ ಇನ್ನೂ ಕುಣಿಯುತ್ತಿದೆ, ಚಾರ್ಜರ್ ಹಾಕಿದಾಗ ಮಾತ್ರ. ಅಂಚಿನ ಲೋಹ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ.

ಸಾಲಗಾಮೆ ರೋಡ್:
ಹಾಗಾದರೆ ಇವು ಎರಡು ಬೇರೆ ತೊಂದರೆಗಳು. ಒಟ್ಟಿಗೆ ಬಂದವು, ಅಷ್ಟೇ. ಇದು ಅರ್ಥಿಂಗ್ ಸಮಸ್ಯೆ. ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಸ್ವಲ್ಪವೇ ಕರೆಂಟ್ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತದೆ. ಬೆರಳಿನಿಂದ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಎಷ್ಟು ಬದಲಾಯಿತು ಅಂತ ಅಳೆಯುವುದೇ ಟ್ರ್ಯಾಕ್‌ಪ್ಯಾಡಿನ ಕೆಲಸ. ಈ ಗಲಾಟೆಯಲ್ಲಿ ಅದಕ್ಕೆ ಲೆಕ್ಕ ತಪ್ಪುತ್ತದೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಳಸುತ್ತಿದ್ದೀರಾ?

ತೋಟದ ಲೆಕ್ಕ:
ಹೌದು. ಅಡುಗೆಮನೆಯ ಮೂರು ಪಿನ್ ಸಾಕೆಟ್‌ಗೆ ನೇರ ಹಾಕಿದೆ, ಜುಮ್ ಅನ್ನುವುದೂ ನಿಂತಿತು, ಕರ್ಸರ್ ಕುಣಿತವೂ ನಿಂತಿತು. ಆಫೀಸ್ ರೂಮಿನ ಮೂರು ಪಿನ್‌ಗೆ ಹಾಕಿದರೆ ಮತ್ತೆ ಅದೇ ಕಥೆ.

ಸಾಲಗಾಮೆ ರೋಡ್:
ಹಳೆ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಹಿಂದೆ ಅರ್ಥ್ ವೈರೇ ಎಳೆದಿರುವುದಿಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ನೆಲ ಒದ್ದೆ, ಅರ್ಥಿಂಗ್‌ಗೆ ಒಳ್ಳೆಯದೇ. ವೈರೇ ಇಲ್ಲದಿದ್ದರೆ ನೆಲ ಏನು ಮಾಡೀತು? ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ರೂಮಿಗೆ ವೈರ್ ಎಳೆಸಿ. ನೀವೇ ಬಿಚ್ಚಬೇಡಿ. ಅಲ್ಲಿಯವರೆಗೆ ಆ ರೂಮಿನಲ್ಲಿ ಬ್ಯಾಟರಿ ಮೇಲೆ ಬಳಸಿ.

ಮೂಡಿಗೆರೆ ಹುಡುಗಿ:
ಸಾರ್, ನನ್ನದು ಬ್ಯಾಟರಿ ಮೇಲಿದ್ದರೂ ಕ್ಲಿಕ್ ಗಟ್ಟಿ, ಟ್ರ್ಯಾಕ್‌ಪ್ಯಾಡ್ ಒಂದು ಮೂಲೆಯಲ್ಲಿ ಮೇಲೆದ್ದಿದೆ.

ಸಾಲಗಾಮೆ ರೋಡ್:
ಕೆಳಗೆ ಬ್ಯಾಟರಿ ಊದಿರುವ ಸಾಧ್ಯತೆ ಜಾಸ್ತಿ. ಈಗಲೇ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಬ್ಯಾಟರಿ ತೆಗೆಸಿದ ಮೇಲೆ ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.