ಆಂಟಿಬಯೋಟಿಕ್ ಮಾತ್ರೆ, ಮೋಷನ್ ಸಿರಪ್: ನಡುವೆ ಎಷ್ಟು ಗಂಟೆ ಬಿಡಬೇಕು?

ಮಂಡ್ಯದಿಂದ ಪ್ರಶ್ನೆ
ಅಪ್ಪನಿಗೆ 72 ವರ್ಷ. ಗದ್ದೆಯಲ್ಲಿ ಕಾಲಿಗಾದ ಗಾಯ ಕೀವು ತುಂಬಿ, ಡಾಕ್ಟರ್ ಡಾಕ್ಸಿಸೈಕ್ಲಿನ್ ಬರೆದಿದ್ದಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಲಿನಿಂದಲೂ ಅವರಿಗೆ ಮೋಷನ್ ಸರಿಯಾಗಿ ಆಗುವುದಿಲ್ಲ, ಮಲಗುವ ಮುಂಚೆ ಬಿಳಿ ಸಿರಪ್ ಬೇಕೇ ಬೇಕು. ಎರಡನ್ನೂ ಒಟ್ಟಿಗೆ ಕೊಡಬಹುದಾ? ಅನುಭವ ಇದ್ದವರು ಹೇಳಿ.

ಮೈಸೂರು, ಕುವೆಂಪುನಗರದಿಂದ
ಒಟ್ಟಿಗೆ ಕೊಡಬೇಡಿ. ಮೊದಲು ಆ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಮಿಲ್ಕ್ ಆಫ್ ಮೆಗ್ನೀಷಿಯಾ ಅಥವಾ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಂತ ಇದ್ದರೆ ಗಡಿಯಾರ ನೋಡಿಯೇ ಕೊಡಬೇಕು.

ನಮ್ಮ ಅಮ್ಮನಿಗೆ ಉರಿಮೂತ್ರಕ್ಕೆ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟಿದ್ದರು. ರಾತ್ರಿ ಊಟ ಆದ ಮೇಲೆ ಮಾತ್ರೆ, ಅದರ ಹಿಂದೆಯೇ ಬಿಳಿ ಸಿರಪ್, ಮೇಲೊಂದು ಲೋಟ ಹಾಲು. ಒಂದೇ ಸಲ ಮುಗಿಯಲಿ ಅಂತ ನಾನೇ ಕೊಡುತ್ತಿದ್ದೆ. ನಾಲ್ಕು ದಿನ ಆದರೂ ಉರಿ ಇಳಿಯಲಿಲ್ಲ, ಚಳಿಜ್ವರ ಬೇರೆ ಬಂತು. ಮತ್ತೆ ತೋರಿಸಿದಾಗ ಡಾಕ್ಟರ್ "ಜೊತೆಗೆ ಇನ್ನೇನು ಕುಡೀತಾರೆ?" ಎಂದು ಕೇಳಿದರು. ಸಿರಪ್ ಹೆಸರು ಕೇಳಿದ್ದೇ, ಅದೂ ಕಾರಣ ಇರಬಹುದು ಅಂದರು. ಮೊದಲ ಸಲ ನಾನು ಅದನ್ನು ಹೇಳಿಯೇ ಇರಲಿಲ್ಲ. ವರ್ಷಗಟ್ಟಲೆ ಕುಡಿಯುವುದನ್ನು ಔಷಧಿ ಅಂತ ಯಾರು ಲೆಕ್ಕಕ್ಕೆ ಇಡುತ್ತಾರೆ?

ಮೆಗ್ನೀಷಿಯಂ ಹೊಟ್ಟೆಯೊಳಗೆ ಸಿಪ್ರೋ, ಡಾಕ್ಸಿ ಎರಡೂ ಮಾತ್ರೆಗಳ ಔಷಧಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ರಕ್ತ ಸೇರುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಹಾಲಿನ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್ ಕೂಡ ಹೀಗೇ ಮಾಡುತ್ತವೆ. ಸಿಪ್ರೋ ಆದರೆ ಸಿರಪ್‌ಗಿಂತ 2 ಗಂಟೆ ಮುಂಚೆ ಕೊಡಬೇಕು, ಇಲ್ಲವೇ ಸಿರಪ್ ಕುಡಿದು 6 ಗಂಟೆ ಕಳೆದ ಮೇಲೆ. ಡಾಕ್ಸಿಗೆ 2ರಿಂದ 3 ಗಂಟೆ ಅಂತರ ಇಡಿ.

ಅಡುಗೆಮನೆ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಲ್ಲಿ ಬರೆದುಬಿಟ್ಟೆ: ಬೆಳಿಗ್ಗೆ 7 ಮಾತ್ರೆ, ಮಧ್ಯಾಹ್ನ 3 ಹಾಲು, ಸಂಜೆ 7 ಮಾತ್ರೆ, ರಾತ್ರಿ 10 ಸಿರಪ್. ಕೊಟ್ಟಾಗಲೆಲ್ಲ ಒಂದು ಟಿಕ್. ಡಾಕ್ಟರ್ ಮೂತ್ರದ ಕಲ್ಚರ್ (ಯಾವ ರೋಗಾಣು ಅಂತ ನೋಡುವ ಪರೀಕ್ಷೆ) ಮಾಡಿಸಿ, ಅದೇ ಮಾತ್ರೆಯ ಕೋರ್ಸ್ ಮತ್ತೆ ಶುರು ಮಾಡಿದರು. ಈ ಸಲ ಮೂರನೇ ದಿನಕ್ಕೆ ಉರಿ ಹೋಯಿತು.

ಇನ್ನೊಂದು ಮಾತು. ಡಾಕ್ಸಿ ನುಂಗಿದ ತಕ್ಷಣ ಮಲಗಬಾರದು, ಅನ್ನನಾಳ ಸುಡುತ್ತದೆ. ತುಂಬು ಲೋಟ ನೀರು ಕುಡಿದು ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಲಿ. ಅದಕ್ಕೇ ರಾತ್ರಿ ಮಾತ್ರೆಯನ್ನು ಸಂಜೆಗೆ ತರುವುದು ಒಳ್ಳೆಯದು, ಬರೆದ ಡಾಕ್ಟರನ್ನೇ ಒಮ್ಮೆ ಕೇಳಿ. ಅಪ್ಪನಿಗೆ ಕಿಡ್ನಿ ತೊಂದರೆ ಇದ್ದರೆ ಮೆಗ್ನೀಷಿಯಂ ಸಿರಪ್ ಕೇಳದೆ ಕೊಡಲೇಬೇಡಿ.

ಶ್ರೀರಂಗಪಟ್ಟಣದಿಂದ
ನಮ್ಮ ಮನೆಯಲ್ಲಿ ಸಿರಪ್ ಇಲ್ಲ, ಇಸಬ್‌ಗೋಲ್. ಅದು ಅಂಟಿನ ಹಾಗೆ ಉಬ್ಬಿ ಬೇರೆ ಮಾತ್ರೆ ಒಳಗೆ ಸೇರುವುದನ್ನು ತಡಮಾಡಬಹುದು. ಹಾಗಾಗಿ ಯಾವ ಮಾತ್ರೆ ಇದ್ದರೂ 2 ಗಂಟೆ ಬಿಡುತ್ತೇವೆ. ನೀರು ಕಡಿಮೆ ಹಾಕಿದರೆ ಗಂಟಲಲ್ಲೇ ಮುದ್ದೆ ಕಟ್ಟುತ್ತದೆ, ವಯಸ್ಸಾದವರಿಗೆ ಜೋಪಾನ.

ಮದ್ದೂರಿನಿಂದ
ಆಂಟಿಬಯೋಟಿಕ್‌ಗೇ ಎಷ್ಟೋ ಜನರಿಗೆ ಹೊಟ್ಟೆ ಸಡಿಲ ಆಗುತ್ತದೆ. ನನ್ನ ಅತ್ತೆಗೆ ಎರಡನೇ ದಿನವೇ ಆಯಿತು. ನಾವು ಅಭ್ಯಾಸಬಲದಿಂದ ರಾತ್ರಿ ಸಿರಪ್ ಕೊಡುತ್ತಲೇ ಹೋದೆವು, ಪಾಪ, ಬೆಳಗಾಗುವಷ್ಟರಲ್ಲಿ ಎದ್ದು ನಿಲ್ಲಲೂ ಆಗಲಿಲ್ಲ. ಸಡಿಲ ಆದ ದಿನ ಸಿರಪ್ ನಿಲ್ಲಿಸಿ, ಆಂಟಿಬಯೋಟಿಕ್ ನೀವಾಗಿ ನಿಲ್ಲಿಸಬೇಡಿ. ನೀರಿನ ಹಾಗೆ ಪದೇ ಪದೇ ಹೋದರೆ, ರಕ್ತ ಕಂಡರೆ, ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಭೇದಿ ನಿಲ್ಲುವ ಮಾತ್ರೆ ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ.

ಮತ್ತೆ ಮಂಡ್ಯದಿಂದ
ಬಾಟಲಿ ನೋಡಿದೆ, ಮೆಗ್ನೀಷಿಯಾನೇ ಇದೆ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ. ಬೆಳಿಗ್ಗೆ 7, ಸಂಜೆ 7 ಮಾತ್ರೆ, ಸಿರಪ್ ಬೇಕಾದರೆ ಮಾತ್ರ 10ಕ್ಕೆ ಅಂದರು. ಅಪ್ಪ ಈಗ ಮಾತ್ರೆ ನುಂಗಿ ಜಗಲಿಯಲ್ಲಿ ಕೂತಿದ್ದಾರೆ.